ಎರಕೊಳ್ಳೋದು ಬೇರೆ, ತೊಳಕೊಳ್ಳೋದು ಬೇರೆ

ಅವಳು ಬಂದದ್ದು ಕೊಟ್ಟೂರು ಪೂರ್ತಿ ನಿದ್ದೆ ಹೋಗಿದ್ದ ಒಂದು ಮಧ್ಯಾಹ್ನ. ನನ್ನ ಪಾರ್ಲರಿನ ಹಸಿರು ಪರದೆಯನ್ನು ಹಾಯ್ದು ಬಂದ ಬಿಸಿಲು, ಕೆರೆಯ ತಳದಲ್ಲಿ ಕಾಣುವ ಬೆಳಕಿನ ಹಾಗೆ ಒಳಗೆ ತೇಲುತ್ತಿತ್ತು. ಪಾರ್ಲರ್ ಎಂದರೆ ನಮ್ಮ ಮನೆಯ ಬೀದಿಬದಿಯ ಕೋಣೆ. ಒಂದು ತಿರುಗುವ ಕುರ್ಚಿ, ಒಂದು ಉದ್ದನೆಯ ಕನ್ನಡಿ, ತಲೆ ತೊಳೆಯಲು ಒಂದು ಬೇಸಿನ್. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹುಬ್ಬು ತಿದ್ದಿಸಿಕೊಳ್ಳಲು ಬರುವ ಹುಡುಗಿಯರೂ ಅತ್ತಿತ್ತ ನೋಡಿ ಪಟಕ್ಕನೆ ಒಳಗೆ ನುಗ್ಗುತ್ತಿದ್ದ ಕಾಲ ಅದು.

ಬಂದವರು ಇಬ್ಬರು. ಮುಂದೆ ದಪ್ಪನೆಯ ಹಿರಿಯ ಹೆಂಗಸು, ಕಂಕುಳಲ್ಲಿ ಒಂದು ಚೀಲ. ಹಿಂದೆ, ಸೆರಗನ್ನು ತಲೆಯಿಂದ ಸೊಂಟದವರೆಗೆ ಬಿಗಿಯಾಗಿ ಸುತ್ತಿಕೊಂಡಿದ್ದ ಮೂವತ್ತೈದರ ಆಸುಪಾಸಿನ ಹೆಣ್ಣು. ನೋಡಿದ ಕೂಡಲೇ ಗುರುತು ಸಿಕ್ಕಿತು. ಬಸ್ ಸ್ಟ್ಯಾಂಡಿನ ಹಿಂದಿನ ಬಯಲಲ್ಲಿ ತಗಡಿನ ಥಿಯೇಟರ್ ಕಟ್ಟಿ ಕ್ಯಾಂಪ್ ಹಾಕಿದ್ದ ನಾಟಕ ಕಂಪನಿಯ ನಾಯಕಿ. ಊರಿನ ಗೋಡೆಗಳ ಮೇಲೆಲ್ಲ ಅವಳ ಮುಖವಿತ್ತು. ಜೊತೆಗಿದ್ದಾಕೆ ಅವಳ ಚಿಗವ್ವ, ತಾಯಿಯ ತಂಗಿ.

“ಮೇಡಮ್ಮಾರ, ಬಾಗ್ಲಾ ಹಾಕ್ಲೇನ್ರಿ?” ಎಂದಳು ಚಿಗವ್ವ.

“ಯಾಕಮ್ಮಾ?”

“ಇಕಿ ಕೂದ್ಲ ಬಿಚ್ಚಿ ತೋರಸ್ಬೇಕು. ಪುಕ್ಕಟೆ ನೋಡಿಬಿಟ್ರ ನಾಳಿ ಟಿಕೀಟ್ ಯಾರ್ ತಗೊಂತಾರ್ರಿ?”

ಬಾಗಿಲು ಹಾಕಿಯಾಯಿತು. ನಟಿ ಸೆರಗು ತೆಗೆದು, ತುರುಬಿನ ಪಿನ್ನುಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು, ತಲೆಯನ್ನೊಮ್ಮೆ ಕೊಡವಿದಳು. ಕೂದಲು ಮೊಳಕಾಲಿನವರೆಗೆ ಇಳಿಯಿತು. ಹತ್ತಿರ ಹೋಗಿ ಕೈಯಲ್ಲಿ ಹಿಡಿದೆ. ನೆತ್ತಿಯ ಹತ್ತಿರ ಜಿಡ್ಡು, ಹೊಟ್ಟು. ನಡುವಿನಲ್ಲಿ ಪರವಾಗಿಲ್ಲ. ಸೊಂಟದಿಂದ ಕೆಳಗೆ ಮಾತ್ರ ಅದು ಕೂದಲಾಗಿರಲಿಲ್ಲ, ಹಗ್ಗ ಹೊಸೆಯುವ ಪುಂಡಿನಾರಾಗಿತ್ತು. ಒಂದಕ್ಕೊಂದು ಸಿಕ್ಕು ಬಿದ್ದು, ತುದಿಗಳು ಎರಡು ಮೂರಾಗಿ ಸೀಳಿ, ಎಳೆದರೆ ಟಕ್ಕನೆ ತುಂಡಾಗುತ್ತಿದ್ದವು. ಟೋಟಲೀ ಡ್ಯಾಮೇಜ್ಡ್.

“ಬಿಚ್ಚಿದ್ರ ಹರಡಂಗಿಲ್ರಿ ಇದು,” ಎಂದಳು ನಟಿ. ಅವಳ ದನಿ ಮೆಲ್ಲಗಿತ್ತು, ಸ್ಟೇಜಿನ ದನಿಯಲ್ಲ. “ಹಗ್ಗದಂಗ ಜೋತು ಬೀಳ್ತೈತಿ. ಕಡೀ ಸೀನಿನಾಗ ನಾನು ಪಂಚಾಯ್ತಿ ಮುಂದ ಕೂದ್ಲ ಬಿಚ್ಚಿ, ತಲಿಗೆ ಮಣ್ಣು ಸುರುವಿಕೊಂಡು ಶಾಪ ಹಾಕ್ಬೇಕು. ಮದ್ಲ ಆ ಸೀನಿಗೆ ಜನ ಎದ್ದು ನಿಂದರ್ತಿದ್ರು. ಈಗ ಮಾಲಕರು, ಹರಪನಹಳ್ಳಿ ಕ್ಯಾಂಪಿಗೆ ಟೋಪನ್ ತರಸ್ತೀನಿ ಅಂದಾರ.”

ಟೋಪನ್ ಎಂದರೆ ನಾಟಕದವರು ತಲೆಗೆ ಹಾಕಿಕೊಳ್ಳುವ ಕಟ್ಟಿದ ಕೂದಲು. ಅದರಲ್ಲಿ ಅಷ್ಟು ಹೆದರುವಂಥದ್ದೇನಿದೆ ಎಂದು ನಾನು ಕೇಳಿದೆ.

“ಕೂದ್ಲ ನನ್ದಿದ್ರ ಪಾರ್ಟು ನನ್ದು, ಮೇಡಂ. ಟೋಪನ್ ಬಂತಂದ್ರ ಅದು ಯಾರ ತಲಿಗಾದ್ರೂ ಕುಂದರ್ತೈತಿ. ಸಣ್ಣಾಕಿ ಒಬ್ಬಾಕಿ ಬಂದಾಳ ಕಂಪನಿಗೆ. ನನ್ನ ಮಾತು ಪೂರಾ ಬಾಯಿಪಾಠ ಮಾಡ್ಕೊಂಡಾಳ.”

ಚಿಗವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಹೊರಗೆ ಎಲ್ಲೋ ಒಂದು ಟೈರಿಗೆ ಗಾಳಿ ತುಂಬುವ ಸದ್ದು ಬಂದು ನಿಂತಿತು. ಹರಪನಹಳ್ಳಿಗೆ ಕಂಪನಿ ಹೊರಡುವುದು ಬೇಸಿಗೆ ಮುಗಿಯುವ ಹೊತ್ತಿಗೆ. ನೋಡೋಣ ಎಂದೆ.

ಮೊದಲು ಕೇಳಬೇಕಾದ ಪ್ರಶ್ನೆ ಯಾವಾಗಲೂ ಒಂದೇ: ವಾರಕ್ಕೆ ಎಷ್ಟು ಸಲ ಹೇರ್ ವಾಷ್? ಬಳ್ಳಾರಿಯ ಕಾನ್ವೆಂಟಿನ ಹಾಸ್ಟೆಲಿನಲ್ಲಿ ನಮಗೆ ಅದಕ್ಕೆ ಶನಿವಾರ ಎಂದು ಗೊತ್ತುಮಾಡಿದ್ದರು. ಹಿತ್ತಲಿನ ಕಟ್ಟೆಯ ಮೇಲೆ ಸಾಲಾಗಿ ಕೂತು ಕೂದಲೊಣಗಿಸುವಾಗ ಸಿಸ್ಟರ್ ಒಬ್ಬರು ನಡುನಡುವೆ ಓಡಾಡುತ್ತ ಇಂಗ್ಲಿಷ್ ಪದ್ಯ ಹೇಳಿಸುತ್ತಿದ್ದರು. ಒದ್ದೆ ಕೂದಲಿನ ವಾಸನೆ ಬಂದರೆ ಈಗಲೂ ನನಗೆ ಪದ್ಯದ ಪ್ರಾಸಗಳು ನೆನಪಾಗುತ್ತವೆ. ಆದರೆ ಕೊಟ್ಟೂರಿಗೆ ಸೊಸೆಯಾಗಿ ಬಂದ ಮೇಲೆ ‘ಹೇರ್ ವಾಷ್’ ಎಂದು ಕೇಳುವುದನ್ನು ಬಿಟ್ಟಿದ್ದೆ. ಇಲ್ಲಿಯ ಮಾತು ಕಲಿತಿದ್ದೆ ನಾನು, ಅದರ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು.

“ವಾರಕ್ಕ ಎಷ್ಟು ಸಲ ಎರಕೊಂತೀ?” ಎಂದು ಕೇಳಿದೆ.

“ಒಮ್ಮೆ ಅಷ್ಟ್ರಿ. ಶುಕ್ರಾರ.”

“ಅದೂ ನಾನ ಎರೀಬೇಕು,” ಎಂದಳು ಚಿಗವ್ವ. “ಇಕಿ ಅವ್ವ ಇರೋತಂಕ ಆಕಿ ಎರೀತಿದ್ಲು. ಈಗ ನನ್ನ ಕೊರಳಿಗೆ ಬಿದ್ದೈತಿ. ಅರ್ಧ ದಿನ ಹೋಕ್ಕೈತ್ರಿ ಈ ಕೂದ್ಲಕ್ಕ.”

ಐ ವಾಸ್ ಸೋ ಶ್ಯೂರ್ ಆಫ್ ಮೈಸೆಲ್ಫ್. ದಿನವೂ ಆಟ, ದಿನವೂ ಬೆವರು, ಪೌಡರು, ಸ್ಟೇಜಿನ ಧೂಳು. ಅದಕ್ಕೆ ವಾರಕ್ಕೆ ಒಂದೇ ಸಲ ನೀರು. ನೆತ್ತಿಯಲ್ಲಿ ಜಿಡ್ಡು ಕಟ್ಟದೆ ಇನ್ನೇನಾದೀತು? ಇನ್ನು ಮೇಲೆ ವಾರಕ್ಕೆ ಮೂರು ಸಲ ಎರಕೊಳ್ಳಬೇಕು, ಪ್ರತಿ ಸಲವೂ ಆದ ಮೇಲೆ ಕಂಡೀಷನರ್ ಹಚ್ಚಬೇಕು ಎಂದು ಹೇಳಿದೆ. ಕಂಡೀಷನರ್ ಆಗ ನಮ್ಮೂರಲ್ಲಿ ಸಿಗುತ್ತಿರಲಿಲ್ಲ. ದಾವಣಗೆರೆಯಿಂದ ತರಿಸಿಟ್ಟುಕೊಂಡಿದ್ದ ಬಾಟಲಿಯೊಂದನ್ನು ಕೊಟ್ಟೆ. ಚಿಗವ್ವ ಮುಚ್ಚಳ ತೆಗೆದು ಮೂಸಿ, ಬೆರಳಿಗೆ ಒಂದಿಷ್ಟು ಹಾಕಿಕೊಂಡು ತಿಕ್ಕಿ ನೋಡಿದಳು.

“ಇದು ಎಣ್ಣಿನೋ ಬೆಣ್ಣಿನೋ?”

“ಎರಡೂ ಅಲ್ಲ. ಕೂದಲು ಮೆತ್ತಗಾಗಲಿಕ್ಕೆ.”

“ತಿಳೀತ್ ಬಿಡ್ರಿ,” ಎಂದಳು. ನಾನೂ ತಿಳಿಯಿತು ಎಂದೇ ಅಂದುಕೊಂಡೆ.

ಎರಡು ವಾರ ಕಳೆದು ಅವರು ಮತ್ತೆ ಬಂದಾಗ ನಟಿಯ ಕಣ್ಣು ಕೆಂಪಾಗಿತ್ತು. ನೆತ್ತಿಯ ಕೂದಲು ಮಳೆಯಲ್ಲಿ ನೆನೆದ ಕಾಗೆಯ ಪುಕ್ಕದಂತೆ ಅಂಟಿಕೊಂಡು, ಅಲ್ಲಲ್ಲಿ ಸಣ್ಣ ಗುಳ್ಳೆ ಎದ್ದಿತ್ತು. ತುದಿ ಮೊದಲಿಗಿಂತ ಒರಟು. ಬಾಚಿದರೆ ಹಣಿಗೆಯಲ್ಲಿ ಗಂಟುಗಂಟಾಗಿ ಬರುತ್ತಿತ್ತು.

“ಹೇಳಿದ ಹಾಗೆ ಮಾಡಿದಿರಾ?”

“ಒಂದ್ ಹನಿ ತಪ್ಪಿಸಿಲ್ರಿ,” ಎಂದಳು ಚಿಗವ್ವ. “ನೆತ್ತಿಗೆ ಹಾಕಿ, ಬುಡಬುಡಕ್ಕ ಇಳಿಯಂಗ, ನನ್ನ ರೆಟ್ಟಿ ಬಿದ್ದು ಹೋಗೋತಂಕ ತಿಕ್ಕೀನಿ.”

ಕಂಡೀಷನರನ್ನು ಅವಳು ಎಣ್ಣೆಯಂತೆ ನೆತ್ತಿಗೆ ತಟ್ಟಿದ್ದಳು. ಜಿಡ್ಡಿಗೂ ಗುಳ್ಳೆಗೂ ಕಾರಣ ಸಿಕ್ಕಿತು. ಬುಡಕ್ಕಲ್ಲ, ಕಿವಿಯಿಂದ ಕೆಳಗೆ ಮಾತ್ರ, ತುದಿಗೆ ಹೆಚ್ಚು, ಐದು ನಿಮಿಷ ಬಿಟ್ಟು ಪೂರ್ತಿ ತೊಳೆಯಬೇಕು ಎಂದು ಈ ಸಲ ಕನ್ನಡಿಯ ಮುಂದೆ ನಿಲ್ಲಿಸಿ, ನನ್ನ ಕೈಯಿಂದಲೇ ಹಚ್ಚಿ ತೋರಿಸಿದೆ. ಆದರೆ ತುದಿ ಯಾಕೆ ಇನ್ನಷ್ಟು ಒಣಗಿತು? ಮೂರು ಸಲ ಎರೆದರೆ ಇಷ್ಟು ಹಾಳಾಗುವುದು ಸಾಧ್ಯವೇ ಇಲ್ಲ. ಬೋರಿನ ನೀರು ಗಡಸು, ನಿಜ. ಊರಿಗೆಲ್ಲ ಅದೇ ನೀರು. ರಾತ್ರಿಯ ಆಟದಲ್ಲಿ ಹೊಡೆದುಕೊಳ್ಳುವ ಸ್ಪ್ರೇ ಇರಬಹುದೇ? ಅದನ್ನು ಬಿಟ್ಟು ನೋಡು ಎಂದೆ. ಬಿಟ್ಟಳು. ವಾರದ ಮೇಲೆ ಬಂದಾಗಲೂ ಅದೇ ಪುಂಡಿನಾರು.

ಆ ದಿನ ಅವಳು ಕುರ್ಚಿಯಲ್ಲಿ ಕೂತು, ಕನ್ನಡಿಯಲ್ಲಿ ನನ್ನನ್ನು ನೋಡುತ್ತ ಹೇಳಿದಳು: “ಮಾಲಕರು ಅಳತಿ ತಗೊಂಡಾರ್ರಿ. ಟೋಪನ್‌ಗೆ. ನನ್ನ ತಲೀದೂ, ಸಣ್ಣಾಕಿ ತಲೀದೂ.”

ಮರುದಿನ ಬೆಳಿಗ್ಗೆ ನಾನು ಪಾರ್ಲರ್ ತೆರೆಯಲಿಲ್ಲ. ಹೇಳಿದ್ದನ್ನು ಕೇಳಿ ಕೇಳಿ ಸಾಕಾಗಿತ್ತು, ಕಣ್ಣಾರೆ ನೋಡಬೇಕು ಅನ್ನಿಸಿತು. ಕೊಡೆ ಹಿಡಿದು ಬಯಲಿಗೆ ಹೋದೆ. ಹಗಲಿನ ನಾಟಕ ಕಂಪನಿಯಷ್ಟು ಕನಸಿನಂತಿರುವ ಜಾಗ ಇನ್ನೊಂದಿಲ್ಲ. ರಾತ್ರಿ ಅರಮನೆಯಾಗಿದ್ದ ಪರದೆಯನ್ನು ಬಿಸಿಲಿಗೆ ಹಾಸಿದ್ದರು. ಅದರ ಕಂಬಗಳ ಮೇಲೆ ಒಂದು ಮೇಕೆ ನಡೆದುಹೋಗುತ್ತಿತ್ತು. ಖಳನಾಯಕ ಲುಂಗಿ ಉಟ್ಟು ಅವರೆಕಾಯಿ ಸುಲಿಯುತ್ತಿದ್ದ. ಹಡಗಲಿಯಿಂದ ಬಂದ ಮಲ್ಲಿಗೆಯ ಮೊಗ್ಗನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಗುಡಾರದ ಗೂಟಕ್ಕೆ ತೂಗುಹಾಕಿದ್ದರು. ಆ ಕಂಪಿನ ನಡುವೆ, ತಗಡಿನ ಹಿಂದಿನಿಂದ ನೀರು ಸುರಿಯುವ ಸದ್ದು ಕೇಳಿಸಿತು.

ನಟಿ ಡ್ರಮ್ಮಿನ ಪಕ್ಕ ಕಲ್ಲಿನ ಮೇಲೆ ಕೂತಿದ್ದಳು. ಹಲ್ಲಿನಿಂದ ಶಾಂಪೂ ಸ್ಯಾಷೆಯ ಮೂಲೆ ಹರಿದು, ಪೂರ್ತಿ ತಲೆಗೆ ಸುರುವಿಕೊಂಡು, ಕೂದಲನ್ನೆಲ್ಲ ಮುಂದಕ್ಕೆ ಹಾಕಿ, ತುದಿಯವರೆಗೆ ಎರಡು ಕೈಯಲ್ಲಿ ಗಸಗಸ ಉಜ್ಜುತ್ತಿದ್ದಳು, ಬಟ್ಟೆ ಒಗೆಯುವವರ ಹಾಗೆ. ರಾತ್ರಿಯ ಆಟದ ಮಣ್ಣು ಕರಗಿ ಕೆಂಪು ನೀರು ಹರಿದು ಬಂತು. ಎರಡನೆಯ ಸ್ಯಾಷೆ ಹರಿದಳು.

ಅಂದು ಗುರುವಾರ. ಎರಕೊಳ್ಳಲು ನಾವು ಗೊತ್ತುಮಾಡಿಕೊಂಡಿದ್ದ ಮೂರು ದಿನಗಳಲ್ಲಿ ಗುರುವಾರ ಇರಲೇ ಇಲ್ಲ.

“ಇವತ್ತೂ ಎರಕೊಳ್ತಿದ್ದೀಯಲ್ಲ?” ಎಂದೆ.

ಅವಳು ನೊರೆಯ ನಡುವಿನಿಂದ ಒಂದು ಕಣ್ಣು ತೆರೆದಳು. “ಇಲ್ರಿ ಮೇಡಂ! ಎರಕೊಳ್ಳೋದು ನಾಳಿ.”

“ಮತ್ತೆ ಇದೇನು?”

“ಇದಾ? ಇದು ಬರೇ ತಲಿ ತೊಳಕೊಳ್ಳೋದು.”

“ದಿನಾ ತೊಳಕೊಳ್ತೀಯಾ?”

“ದಿನಾ ಅಲ್ಲೇನ್ರಿ ಮತ್ತ? ದಿನಾ ಮಣ್ಣು ಬೀಳ್ತೈತಿ.”

ಒಲೆಯ ಮುಂದೆ ಕೂತಿದ್ದ ಚಿಗವ್ವ ಗೊಳ್ಳನೆ ನಕ್ಕಳು. “ಎಣ್ಣಿಲ್ಲ, ಸೀಗಿಕಾಯಿಲ್ಲ, ಸುಡುಸುಡು ನೀರಿಲ್ಲ, ಎರಿಯಾಕ ಮನಷ್ಯಾರಿಲ್ಲ. ಅದ್ಯಾವ ಎರಕೊಳ್ಳೋದ್ರಿ, ಮೇಡಮ್ಮಾರ? ನಲ್ಲಿ ತಿರುವಿ ತಲಿ ಒಡ್ಡಿದ್ರ ಎರಕೊಂಡಂಗಾತೇನು? ಹಂಗಾರ ಮಳಿಯಾಗ ಎಮ್ಮಿನೂ ಎರಕೊಂತೈತಿ!”

ಡ್ರಮ್ಮಿನ ಅಂಚು ಹಿಡಿದು ನಾನೂ ನಕ್ಕೆ. ನನ್ನ ಮಟ್ಟಿಗೆ ಕೂದಲಿಗೆ ನೀರು, ಸೋಪು ಬಿದ್ದರೆ ಎಲ್ಲವೂ ಒಂದೇ, ಹೇರ್ ವಾಷ್. ಅವರಿಗೆ ಎರೆಯುವುದು ಎಂದರೆ ಒಬ್ಬರು ಇನ್ನೊಬ್ಬರ ತಲೆಗೆ ಎಣ್ಣೆ ತಟ್ಟಿ ಕಾದ ನೀರು ಹೊಯ್ಯುವ ಕೆಲಸ. ಅದು ಮುಗಿದ ಮೇಲೆ ಹೊದ್ದು ಮಲಗಲೂ ಬೇಕು. ತೊಳೆದುಕೊಳ್ಳುವುದು ಮುಖ ತೊಳೆದ ಹಾಗೆ, ಲೆಕ್ಕಕ್ಕಿಲ್ಲ. ವಾರಕ್ಕೆ ಮೂರು ಸಲ ಎರಕೋ ಎಂದು ನಾನು ಹೇಳಿದಾಗ ಅವಳು ದಿನದ ಶಾಂಪೂ ಹಾಗೇ ಇಟ್ಟುಕೊಂಡು, ಅದರ ಮೇಲೆ ಮೂರು ಸಲ ಸೀಗೆಕಾಯಿಯನ್ನೂ ಸೇರಿಸಿಕೊಂಡಿದ್ದಳು. ಆ ಬಡಪಾಯಿ ಕೂದಲು ವಾರಕ್ಕೆ ಹತ್ತು ಸಲ ಉಜ್ಜಿಸಿಕೊಳ್ಳುತ್ತಿತ್ತು.

ಅಲ್ಲಿಯೇ ಕಲ್ಲಿನ ಮೇಲೆ ಕೂತು ಹೊಸದಾಗಿ ಶುರುಮಾಡಿದೆವು. ಈ ಸಲ ಎರಡೂ ಮಾತುಗಳನ್ನು ಬೇರೆ ಬೇರೆ ಇಟ್ಟುಕೊಂಡು.

ಶುಕ್ರವಾರದ ಎರೆಯುವುದು ಇರಲಿ, ಅದನ್ನು ತಪ್ಪಿಸುವ ಮನಸ್ಸು ನನಗೂ ಇರಲಿಲ್ಲ. ಸೀಗೆಕಾಯಿ ನೆತ್ತಿಗೆ ಮಾತ್ರ. ಮಂಗಳವಾರ ಒಂದು ಸಲ ಶಾಂಪೂ. ಅದನ್ನೂ ಒಂದು ಮಗ್ಗು ನೀರಿನಲ್ಲಿ ಕದಡಿ, ಬುಡಕ್ಕೆ ಹಾಕಿ, ಉಗುರು ತಾಗದಂತೆ ಬೆರಳ ತುದಿಯಲ್ಲಿ ತಿಕ್ಕಬೇಕು. ಕೆಳಗಿನ ಉದ್ದಕ್ಕೆ ಇಳಿದು ಹೋಗುವ ನೊರೆಯೇ ಸಾಕು, ಉಜ್ಜಕೂಡದು. ಎರಡು ದಿನವೂ ಕಡೆಗೆ ತುದಿಗೆ ಕಂಡೀಷನರ್, ಆಮೇಲೆ ಸಿಹಿನೀರು ಒಂದು ಕೊಡ. ಉಳಿದ ದಿನ ಶಾಂಪೂ ಮುಟ್ಟುವ ಹಾಗಿಲ್ಲ. ಧೂಳಾಗಿದ್ದರೆ ಅಗಲ ಹಲ್ಲಿನ ಹಣಿಗೆಯಿಂದ ಕೊಡವಿ, ಬರೀ ನೀರಿನಲ್ಲಿ ಜಾಲಿಸಿ, ತುದಿಗೆ ಒಂದಿಷ್ಟು ಕಂಡೀಷನರ್ ಸವರಿದರೆ ಆಯಿತು.

“ಮಣ್ಣು?” ಎಂದಳು ನಟಿ. “ಕೆಮ್ಮಣ್ರಿ. ಬರೇ ನೀರಿಗೆ ಹೋಗಂಗಿಲ್ಲ.”

ಅಷ್ಟರಲ್ಲಿ ಮಾಲೀಕರು ಎಲೆ ಅಡಿಕೆ ಮೆಲ್ಲುತ್ತ ಬಂದು ನಿಂತಿದ್ದರು. ಬಿಳಿ ಪೈಜಾಮ, ಎರಡು ಪೆನ್ನು, ನಗುವ ಮುಖ. ಮಣ್ಣನ್ನು ಕೂದಲಿಗೆ ಹಾಕದೆ ಆ ಸೀನು ಮಾಡಲಾಗದೇ ಎಂದು ಕೇಳಿದೆ.

“ಹೆಂಗ್ರಿ ಆಗ್ತೈತಿ ಅಮ್ಮಾರ? ಪಬ್ಲಿಕ್ಕಿಗೆ ಮಣ್ಣು ಕಾಣಬೇಕು. ಕೂದ್ಲದಾಗ ಮಣ್ಣು, ಕಣ್ಣಾಗ ನೀರು. ಅದ ನಮ್ಮ ಕ್ಲೈಮ್ಯಾಕ್ಸು.”

“ಅಲ್ರೀ ಮಾಲಕ್ರ,” ಎಂದಳು ಚಿಗವ್ವ ಒಲೆಯ ಮುಂದಿನಿಂದ, “ಶಾಪ ಆ ಗೌಡಗ. ಮಣ್ಣು ಇಕಿ ತಲಿಗ್ಯಾಕ? ನಾ ಯಾರಿಗಾದ್ರೂ ಮಣ್ಣು ತೂರಿದ್ರ ಅವರ ಮಾರಿ ಮ್ಯಾಲ ತೂರ್ತೀನಿ, ನನ್ನ ತಲಿ ಮ್ಯಾಲ ಸುರುವಿಕೊಳ್ಳಂಗಿಲ್ಲ.”

ಅವರೆಕಾಯಿ ಸುಲಿಯುತ್ತಿದ್ದ ಖಳನಾಯಕ ತಲೆ ಎತ್ತಿದ. ಗೌಡನ ಪಾರ್ಟು ಅವನದೇ. “ಏ ಯವ್ವಾ, ನನ್ನ ಕಣ್ಣು!” ಎಂದ. ಮಾಲೀಕರು ನಗು ತಡೆಯಲಾರದೆ ಎಲೆ ಅಡಿಕೆ ಉಗುಳಿ ಬಂದು, “ಆತು, ಮುಂದಕ್ಕ ತೂರವ್ವಾ, ಕಾಲಿನ ಕಡಿಗೆ,” ಎಂದರು. ಹೋಗುವಾಗ ಮಾತ್ರ ನನ್ನ ಕಡೆ ತಿರುಗಿ ಮೆಲ್ಲಗೆ, “ಟೋಪನ್‌ಗೆ ಹೇಳಿ ಆಗೇತ್ರಿ. ನೋಡೂಣು,” ಎಂದರು.

ಬೇಸಿಗೆ ಸಾಗಿತು. ಅವಳು ಮಂಗಳವಾರಗಳಂದು ನನ್ನಲ್ಲಿಗೇ ಬಂದು ಬೇಸಿನ್ನಿಗೆ ತಲೆಯೊಡ್ಡಿ ಮಲಗುತ್ತಿದ್ದಳು. ನೀರು ಬಿಡುವಾಗ ಕಣ್ಣು ಮುಚ್ಚಿ, ತನ್ನ ಮಾತುಗಳನ್ನು ತುಟಿಯಲ್ಲೇ ಅನ್ನುತ್ತಿದ್ದಳು; ಕೆಲವು ಸಲ ಅರ್ಧಕ್ಕೆ ನಿದ್ದೆ ಹೋಗುತ್ತಿದ್ದಳು. ಆ ಉದ್ದ ಕೂದಲು ನನ್ನ ಕೈಯಿಂದ ಬೇಸಿನ್ನಿನ ಕೆಳಗಿಟ್ಟ ಬಕೆಟ್ಟಿಗೆ ಇಳಿದು, ನೀರಿನಲ್ಲಿ ಮೆಲ್ಲಗೆ ಬಿಚ್ಚಿಕೊಳ್ಳುವುದನ್ನು ನೋಡುತ್ತ ನಾನೂ ಎಲ್ಲೆಲ್ಲಿಗೋ ಹೋಗಿಬಿಡುತ್ತಿದ್ದೆ. ನೆತ್ತಿಯ ಗುಳ್ಳೆ ಮಾಯವಾದವು. ಹೊಟ್ಟು ನಿಂತಿತು. ಬೆನ್ನಿನವರೆಗಿನ ಕೂದಲಿಗೆ ಹೊಳಪು ಬಂತು. ತುದಿಗೆ ಮಾತ್ರ ಬರಲಿಲ್ಲ. ಕಂಡೀಷನರ್ ಹಚ್ಚಿದ ದಿನ ರೇಷ್ಮೆಯಂತಿದ್ದು, ಮಾರನೆಯ ದಿನ ಮತ್ತೆ ನಾರು. ಒಡೆದ ಕೂದಲನ್ನು ಯಾವ ಬಾಟಲಿಯೂ ಕೂಡಿಸುವುದಿಲ್ಲ, ಮುಚ್ಚಿಡುತ್ತದೆ ಅಷ್ಟೆ. ನನಗೆ ಅದು ಮೊದಲೇ ಗೊತ್ತಿತ್ತು. ಹೇಳುವ ದಿನವನ್ನು ಮುಂದೂಡುತ್ತಿದ್ದೆ. ಯಾಕೆಂದರೆ ಆ ಹೊತ್ತಿಗಾಗಲೇ ಹರಪನಹಳ್ಳಿಯ ಬೀದಿಗಳಲ್ಲಿ ಕಂಪನಿಯ ಪ್ರಚಾರದ ಆಟೋ ಕೂಗುತ್ತ ತಿರುಗುತ್ತಿತ್ತು: ಮೊಳಕಾಲುದ್ದ ಕೇಶರಾಶಿಯ ಕಲಾವಿದೆ, ನೋಡಲು ಮರೆಯದಿರಿ, ಮರೆತು ನಿರಾಶರಾಗದಿರಿ.

ಕೊಟ್ಟೂರಿನ ಕ್ಯಾಂಪ್ ಮುಗಿದು ಪರದೆಗಳನ್ನು ಸುತ್ತುತ್ತಿದ್ದ ದಿನ, ಅವಳು ಕುರ್ಚಿಯಲ್ಲಿ ಕೂತಾಗ ಹೇಳಿದೆ. “ಒಂದು ಮೊಳ ತೆಗೀಬೇಕು.”

ಚಿಗವ್ವ ಎದ್ದು ನಿಂತಳು. “ಏನಂದ್ರಿ?”

“ಈ ತುದಿ ಇರುವವರೆಗೆ ಕೂದಲು ಬಿಡಿಬಿಡಿಯಾಗಿ ಬೀಳುವುದಿಲ್ಲ. ಮೇಲಿನದನ್ನೂ ಎಳೆದು ಸಿಕ್ಕು ಮಾಡುತ್ತೆ. ಕೂದಲು ವರ್ಷಕ್ಕೆ ಗೇಣಿನಷ್ಟೂ ಬೆಳೆಯುವುದಿಲ್ಲಮ್ಮಾ. ಈ ತುದಿ ಇವಳ ತಲೆಯಿಂದ ಹೊರಟು ಎಂಟು ಹತ್ತು ವರ್ಷವೇ ಆಗಿರಬೇಕು. ಅದಕ್ಕೆ ವಯಸ್ಸಾಗಿದೆ.”

ನಟಿ ತುದಿಯನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡಳು.

“ಹತ್ತು ವರ್ಷಂದ್ರ, ನಾನು ನಮ್ಮೂರು ಗುಡೇಕೋಟಿ ಬಿಟ್ಟಾಗಿನ್ದು ಇದು. ಹೌದಲ್ಲೇನ್ ಚಿಗವ್ವ?”

“ಹೂಂ.”

“ಆವಾಗ ಅವ್ವ ಇದ್ಲು.” ಅವಳು ಬೆರಳಿನಿಂದ ಸಿಕ್ಕು ಬಿಡಿಸುತ್ತ ಹೋದಳು. “ಈ ತುದಿಗೆ ಅವ್ವ ಎಣ್ಣಿ ಹಚ್ಯಾಳ್ರಿ, ಮೇಡಂ. ಮ್ಯಾಲಿಂದಕ್ಕ ಹಚ್ಚಿಲ್ಲ.”

ಕತ್ತರಿಯನ್ನು ಮೇಜಿನ ಮೇಲಿಟ್ಟು, ಬೇಡವೆಂದರೆ ಬೇಡ, ಟೋಪನ್ ಹಾಕಿಕೊಂಡೂ ಒಳ್ಳೆಯ ಪಾರ್ಟು ಮಾಡುವವರಿದ್ದಾರೆ ಎಂದೆ. ಅದು ಸಮಾಧಾನದ ಮಾತು ಎಂದು ಮೂವರಿಗೂ ಗೊತ್ತಿತ್ತು.

ಕೊನೆಗೆ ಮಾತಾಡಿದವಳು ಚಿಗವ್ವ. “ನಿಮ್ಮವ್ವ ಎಣ್ಣಿ ಹಚ್ಚಿದ್ದು ಕೂದ್ಲ ಚಂದಿರ್ಲಿ ಅಂತ. ನಾರು ಕಾಯ್ಕೊಂಡು ಕುಂಡ್ರು ಅಂತಲ್ಲ. ಕತ್ತರಸ್ಕೋ ಲೇ.”

ನಟಿ ಕಣ್ಣು ಮುಚ್ಚಿ ತಲೆಯಾಡಿಸಿದಳು.

ಕೂದಲನ್ನು ಒದ್ದೆ ಮಾಡಿ, ನಾಲ್ಕು ಭಾಗ ಮಾಡಿ, ಪ್ರತಿಯೊಂದನ್ನೂ ಎರಡು ಬೆರಳಿನ ನಡುವೆ ಹಿಡಿದು ಒಡಕು ಎಲ್ಲಿಗೆ ನಿಲ್ಲುತ್ತದೆಂದು ನೋಡುತ್ತ ಬಂದೆ. ಸೊಂಟದಿಂದ ಎರಡು ಬೆರಳು ಕೆಳಗೆ ನಿಂತಿತು. ಅಲ್ಲಿಗೇ ಕತ್ತರಿ ಹಾಕಿದೆ. ನೆಲದ ಮೇಲೆ ಬಿದ್ದದ್ದನ್ನು ಚಿಗವ್ವ ಒಂದು ಎಳೆಯನ್ನೂ ಬಿಡದೆ ಆರಿಸಿ ಸೆರಗಿನ ತುದಿಗೆ ಕಟ್ಟಿಕೊಂಡಳು.

ಹರಪನಹಳ್ಳಿಯ ಮೊದಲ ಆಟಕ್ಕೆ ನಾನೂ ಹೋದೆ. ಸಂಬಂಧಿಕರ ಮನೆಗೆ ಎಂದು ಹೇಳಿ ಬಸ್ಸು ಹತ್ತಿದ್ದೆ. ಸಂಜೆಯ ಬೆಳಕು ಇನ್ನೂ ತಗಡಿನ ಸಂದಿಗಳಲ್ಲಿ ಗೆರೆಗೆರೆಯಾಗಿ ಇತ್ತು. ನಟಿ ಗಿಡ್ಡವಾದ ಕೂದಲನ್ನು ಮಾಲೀಕರಿಗೆ ತೋರಿಸಿಯೇ ಇರಲಿಲ್ಲವಂತೆ. ತುರುಬು ಕಟ್ಟಿಕೊಂಡೇ ಇದ್ದು, “ಇವತ್ತೊಂದಿನ ನನ್ನ ಕೂದ್ಲದಾಗ ಮಾಡ್ತೀನಿ, ಪಬ್ಲಿಕ್ ಒಪ್ಪದಿದ್ರ ನಾಳಿಂದ ಟೋಪನ್ ಹಾಕಿ ಸಣ್ಣಾಕಿ ಮಾಡ್ಲಿ” ಎಂದು ಮಾತು ಕೊಟ್ಟು ಬಂದಿದ್ದಳಂತೆ. ಚಿಗವ್ವ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಇದನ್ನೆಲ್ಲ ಕಿವಿಯಲ್ಲಿ ಹೇಳಿದಳು.

ಕೊನೆಯ ದೃಶ್ಯ ಬಂತು. ಪಂಚಾಯ್ತಿ ಕಟ್ಟೆ, ಗೌಡ, ಎದುರಿಗೆ ಅವಳು. ಒಂದೊಂದು ಮಾತಿಗೂ ಒಂದೊಂದು ಪಿನ್ನು ತೆಗೆದಳು. ತಲೆ ಕೊಡವಿದಳು.

ಕೂದಲು ಇಳಿಯಿತು, ಹರಡಿತು. ಅವಳು ತಿರುಗಿದಾಗ ಒಂದು ಗಳಿಗೆ ತಡವಾಗಿ ಅದೂ ತಿರುಗಿತು. ಬಗ್ಗಿ ಮಣ್ಣು ಹಿಡಿದು ತೂರುವಾಗ ಮುಂದಕ್ಕೆ ಹಾರಿ, ಮುಖವನ್ನೆಲ್ಲ ಮುಚ್ಚಿ, ಮತ್ತೆ ಒಂದೊಂದೇ ಎಳೆಯಾಗಿ ಭುಜದಿಂದ ಜಾರಿತು. ಕೆಂಪು ದೀಪದ ಬೆಳಕು ಅದರೊಳಗೆ ಹೊಕ್ಕು ಹೊರಗೆ ಬರುತ್ತಿತ್ತು. ನನಗೆ ಬಕೆಟ್ಟಿನ ನೀರು ನೆನಪಾಯಿತೋ ಏನೋ, ಎಲ್ಲ ನೀರಿನೊಳಗೆ ನಡೆಯುತ್ತಿರುವಂತೆ ಕಾಣಿಸಿತು.

ಹಿಂದಿನ ಸಾಲಿನ ಗಂಡಸೊಬ್ಬ, “ಏ, ಮೊಳಕಾಲತಂಕ ಅಂದಿದ್ರಲ್ಲಲೇ” ಎಂದ.

“ಸುಮ್ನಿರ್ರಿ ನೀವು,” ಎಂದಳು ಅವನ ಹೆಂಡತಿ. “ಖರೇ ಕೂದ್ಲ ಐತಿ ಅದು. ಹೆಂಗ ಹಾರ್ತೈತಿ ನೋಡ್ರಿ.”

ಆಮೇಲೆ ಮುಂದಿನವರು ಎದ್ದು ನಿಂತದ್ದರಿಂದ ನನಗೆ ಏನೂ ಕಾಣಲಿಲ್ಲ. ಚಿಗವ್ವ ಕುರ್ಚಿ ಹತ್ತಿ ನಿಂತಿದ್ದಳು.

ಆಟ ಮುಗಿದ ಮೇಲೆ ಪರದೆಯ ಹಿಂದೆ ಹೋದಾಗ ಮಾಲೀಕರು ಅವಳ ಎದುರಿಗೆ ನಿಂತು ಕೂದಲಿನ ತುದಿಯನ್ನೇ ನೋಡುತ್ತಿದ್ದರು. ಬೈಯುತ್ತಾರೆ ಎಂದುಕೊಂಡೆ. ಅವರು ಅನೌನ್ಸ್‌ಮೆಂಟಿನವನನ್ನು ಕರೆದು, “ಏ, ನಾಳಿಂದ ಮೊಳಕಾಲು ತಗದುಬಿಡು. ಸ್ವಂತ ಕೂದ್ಲು ಅಂತ ಹೇಳು. ಇಡೀ ಕ್ಯಾಂಪು ಇಕೀನ ಮಾಡ್ತಾಳ,” ಎಂದರು. ಸಣ್ಣಾಕಿ ಎಂದು ಕರೆಸಿಕೊಳ್ಳುತ್ತಿದ್ದ ಹುಡುಗಿ ಮೂಲೆಯಲ್ಲಿ ಮುಖದ ಬಣ್ಣ ಒರೆಸಿಕೊಳ್ಳುತ್ತಿದ್ದಳು. ಅವಳ ಕೂದಲೂ ಕೆಟ್ಟದಾಗೇನೂ ಇರಲಿಲ್ಲ. ನಟಿ ನನ್ನ ಕೈ ಹಿಡಿದಳು. ಅವಳ ಅಂಗೈಯಲ್ಲಿ ಇನ್ನೂ ಕೆಮ್ಮಣ್ಣಿತ್ತು.

ಮರುದಿನ ಬೆಳಿಗ್ಗೆ ಕೊಟ್ಟೂರಿನ ಬಸ್ಸಿನಲ್ಲಿ ಕೂತಿದ್ದಾಗ ಆ ಆಟೋ ಪಕ್ಕದಲ್ಲೇ ಕೂಗುತ್ತ ಹಾದುಹೋಯಿತು: ಸ್ವಂತ ಕೇಶರಾಶಿಯ ಕಲಾವಿದೆ, ನೋಡಲು ಮರೆಯದಿರಿ. ನನ್ನ ಪಕ್ಕ ಕೂತಿದ್ದ, ಮಡಿಲಲ್ಲಿ ಕೋಳಿ ಇಟ್ಟುಕೊಂಡಿದ್ದ ಮುದುಕಿ ಅದನ್ನು ಪೂರ್ತಿ ಕೇಳಿಸಿಕೊಂಡು ನನ್ನ ಕಡೆ ತಿರುಗಿದಳು.

“ಸ್ವಂತ ಕೂದ್ಲು ಅಂದ್ರೇನವ್ವಾ? ಉಳದೋರು ಬಾಡಿಗಿಗೆ ತರ್ತಾರೇನು?”

“ಕೆಲವರು ತರ್ತಾರವ್ವ,” ಎಂದೆ.

“ಅಯ್ಯ ಶಿವನ,” ಎಂದು ಅವಳು ತನ್ನ ಗುಬ್ಬಿಗಾತ್ರದ ತುರುಬನ್ನು ಒಮ್ಮೆ ಮುಟ್ಟಿ ನೋಡಿಕೊಂಡು, ನೆಮ್ಮದಿಯಿಂದ ಕಿಟಕಿಗೆ ಒರಗಿದಳು.